ಕತ್ತಲಾದ ಮೇಲೆ ಪಾಳಿಗೆ ಬರುವ ಗ್ರಂಥಿ

ಇಂಟರ್ನಲ್ಸ್ ಹತ್ತಿರ ಬಂತೆಂದರೆ ಹಾಸ್ಟೆಲ್‌ಗಳಲ್ಲಿ ರಾತ್ರಿ ಎರಡಾದರೂ ಲೈಟ್ ಆರುವುದಿಲ್ಲ. ‘ನಿದ್ದೆ ರಜೆಯಲ್ಲಿ ಮಾಡಿದರಾಯ್ತು ಬಿಡೋ’ ಎಂಬ ಮಾತು ಎಲ್ಲ ಕಾಲೇಜಿನಲ್ಲೂ ಇದ್ದದ್ದೇ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಎಲ್‌ಇಡಿ ಬೆಳಕಿನ ಬಗ್ಗೆ ಸೆಮಿನಾರ್ ತಯಾರು ಮಾಡುವಾಗ ಪರಿಚಯವಾದ ಒಂದು ಪುಟ್ಟ ಗ್ರಂಥಿ, ಈ ಮಾತನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡಿತು.

ಅದು ಪೀನಿಯಲ್ ಗ್ರಂಥಿ. ಮಿದುಳಿನ ನಡುವೆ ಇರುವ ಇದು ಗಾತ್ರದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೇ. 17ನೇ ಶತಮಾನದ ತತ್ವಜ್ಞಾನಿ ಡೆಕಾರ್ಟ್ ಇದನ್ನು ಆತ್ಮದ ನೆಲೆ ಎಂದಿದ್ದ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್, ತೊನ್ನಿಗೆ ಔಷಧ ಹುಡುಕುತ್ತಾ ದನಗಳ ಪೀನಿಯಲ್ ಗ್ರಂಥಿಯಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಮೆಲಟೋನಿನ್ ಎಂದು ಹೆಸರಿಟ್ಟರು. ತೊನ್ನಿಗೆ ಅದು ಮದ್ದಾಗಲಿಲ್ಲ. ಆದರೆ ‘ಕತ್ತಲಾಯಿತು’ ಎಂದು ಇಡೀ ದೇಹಕ್ಕೆ ಸುದ್ದಿ ಮುಟ್ಟಿಸುವ ಹಾರ್ಮೋನು ಅದೇ ಎಂದು ಮುಂದೆ ತಿಳಿಯಿತು.

ಅದಕ್ಕೆ ಇನ್ನೊಂದು ಕೆಲಸವೂ ಇದೆ. ಬೈಕ್ ಓಡಿದರೆ ಹೊಗೆ ಬರುವಂತೆ, ಜೀವಕೋಶದ ಮೈಟೊಕಾಂಡ್ರಿಯಾ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಇವು ಡಿಎನ್‌ಎಯನ್ನೂ ಕೋಶದ ಪೊರೆಯನ್ನೂ ಹಾಳುಗೆಡವುತ್ತವೆ. ಇವುಗಳಲ್ಲೇ ಅತಿ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ಮೆಲಟೋನಿನ್ ನೇರವಾಗಿ ತಟಸ್ಥಗೊಳಿಸುತ್ತದೆ ಎಂದು 1993ರಲ್ಲಿ ರಸೆಲ್ ರೈಟರ್ ಅವರ ತಂಡ ತೋರಿಸಿತು. ಜೊತೆಗೆ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನಂಥ ರಕ್ಷಕ ಕಿಣ್ವಗಳನ್ನೂ ಅದು ಚುರುಕುಗೊಳಿಸುತ್ತದೆ.

ಹಾನಿ ಮಿತಿಮೀರಿದರೆ ಜೀವಕೋಶ ತಾನಾಗಿಯೇ ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತದೆ. 1972ರಲ್ಲಿ ಇದಕ್ಕೆ ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದು ಎಂದರ್ಥ. ಮೈಟೊಕಾಂಡ್ರಿಯಾದಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಸೋರಿದರೆ ಕ್ಯಾಸ್ಪೇಸ್ ಕಿಣ್ವಗಳು ಎಚ್ಚೆತ್ತು ಕೋಶವನ್ನು ಬಿಚ್ಚಿಹಾಕುತ್ತವೆ. ಪ್ರಯೋಗಾಲಯದಲ್ಲಿ ಆರೋಗ್ಯವಂತ ನರಕೋಶಗಳಲ್ಲಿ ಮೆಲಟೋನಿನ್ ಈ ಸೋರಿಕೆಯನ್ನು ತಗ್ಗಿಸುತ್ತದೆ. ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ತದ್ವಿರುದ್ಧವಾಗಿ ಸಾವನ್ನು ಪ್ರಚೋದಿಸುತ್ತದೆ!

ಹಾಗೆಂದು ಮೆಡಿಕಲ್ ಶಾಪ್‌ಗೆ ಓಡಬೇಡಿ. ಇವು ಹೆಚ್ಚಾಗಿ ಗಾಜಿನ ತಟ್ಟೆಯಲ್ಲಿ, ಇಲಿಗಳ ಮೇಲೆ ನಡೆದ ಪ್ರಯೋಗಗಳು. ಬಳಸಿದ ಪ್ರಮಾಣವೂ ನಮ್ಮ ರಕ್ತದಲ್ಲಿ ರಾತ್ರಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಾತ್ರೆ ನುಂಗಿದರೆ ಕ್ಯಾನ್ಸರ್ ದೂರ ಎಂದು ಇದರಿಂದ ಹೇಳಲಾಗದು. ನಮ್ಮ ಕೈಯಲ್ಲಿರುವುದು ದೇಹ ತಾನೇ ತಯಾರಿಸುವುದಕ್ಕೆ ಅಡ್ಡಿ ಮಾಡದಿರುವುದು.

ನನ್ನ ವಿಷಯ ಬರುವುದು ಇಲ್ಲೇ. ಕಣ್ಣಿನ ಅಕ್ಷಿಪಟಲದಲ್ಲಿ ಹಗಲು-ರಾತ್ರಿ ಗುರುತಿಸುವ ಕೋಶಗಳು ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಬಿಳಿ ಎಲ್‌ಇಡಿಯ ಒಳಗಿರುವುದು ಸುಮಾರು 450 ನ್ಯಾನೋಮೀಟರ್‌ನ ನೀಲಿ ಚಿಪ್. ಅದರ ಮೇಲೆ ಹಳದಿ ಲೇಪನ. ತಡರಾತ್ರಿಯವರೆಗೆ ಬೆಳಗುವ ಟ್ಯೂಬ್‌ಲೈಟ್, ಮುಖದ ಹತ್ತಿರ ಹಿಡಿದ ಮೊಬೈಲ್ ‘ಇನ್ನೂ ಹಗಲು’ ಎಂಬ ಸುಳ್ಳು ಸುದ್ದಿ ಕಳಿಸುತ್ತವೆ. ಮೆಲಟೋನಿನ್ ತಡವಾಗುತ್ತದೆ.

ಓದನ್ನು ಬೆಳಗಿನ ಜಾವಕ್ಕೆ ಬದಲಿಸಬಹುದು, ಕೆಲಸವನ್ನು ಹಾಗೆ ಬದಲಿಸಲಾಗದು. ನನ್ನ ಅಕ್ಕ ಎರಡು ವರ್ಷದಿಂದ ಕಂಪನಿಯೊಂದರಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದಾಳೆ. ನನ್ನ ಫೀಸು ಕಟ್ಟುವುದೂ ಅವಳ ಸಂಬಳದಿಂದಲೇ. ರಾತ್ರಿ ಪಾಳಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿತು; 2019ರಲ್ಲಿ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ಇದನ್ನು ಓದಿಯೂ ‘ಕೆಲಸ ಬಿಡಕ್ಕಾ’ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಕೋಣೆಗೆ ದಪ್ಪ ಪರದೆ ಹಾಕಿದ್ದೇವೆ. ಹಗಲಲ್ಲಿ ಕತ್ತಲು ಮಾಡಿದರೂ ದೇಹದ ಗಡಿಯಾರ ರಾತ್ರಿಯಷ್ಟು ಮೆಲಟೋನಿನ್ ಬಿಡುವುದಿಲ್ಲ, ನಿಜ. ನಿದ್ದೆಯಾದರೂ ಕೆಡದಿರಲಿ ಎಂಬ ಆಸೆ.

ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ನಾನೂ ಕೂರುತ್ತೇನೆ. ಪ್ಯಾಕೇಜ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ಪಾಳಿ ಇದೆಯೇ, ಎಷ್ಟು ತಿಂಗಳು, ಹಗಲಿಗೆ ಬದಲಾಯಿಸುತ್ತಾರೆಯೇ ಎಂದೂ ಕೇಳಬೇಕು ಅಂದುಕೊಂಡಿದ್ದೇನೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ನೀವೂ ಕೇಳಿ.