ಜಪಾನಿನಲ್ಲಿ ನೆಲೆಸಿದವರು ದೋಜೊ ಸೇರುವ ಬಗೆ

ಕೆಲಸಕ್ಕೋ ಓದಿಗೋ ಜಪಾನಿಗೆ ಹೋಗಿ ನೆಲೆಸುವ ವಿದೇಶಿಯರಲ್ಲಿ ಅನೇಕರಿಗೆ ಜೂಡೊ, ಕರಾಟೆ, ಐಕಿಡೊ, ಕೆಂಡೊ ಇವುಗಳಲ್ಲಿ ಒಂದನ್ನಾದರೂ ಅದು ಹುಟ್ಟಿ ಬೆಳೆದ ನೆಲದಲ್ಲೇ ಕಲಿಯಬೇಕೆಂಬ ಆಸೆ ಇರುತ್ತದೆ. ಹೋದ ಮೇಲೆ ಎದುರಾಗುವ ತೊಡಕು ವಿಚಿತ್ರವಾದದ್ದು. ಕಲಿಸುವವರಿಗೆ ಅಲ್ಲಿ ಬರವಿಲ್ಲ, ಆದರೆ ಅವರು ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಕಟ್ಟಡದ ಮಹಡಿಗಳ ಮೇಲೆ ನೇತಾಡುವ ಕರಾಟೆ ಕ್ಲಾಸಿನ ಫಲಕಗಳಂಥವು ಜಪಾನಿನ ಊರುಗಳಲ್ಲಿ ಕಡಿಮೆ. ಅಭ್ಯಾಸದ ಜಾಗ, ಅಂದರೆ ದೋಜೊ, ಬಹಳ ಕಡೆ ಸ್ವಂತ ಕಟ್ಟಡವೇ ಆಗಿರುವುದಿಲ್ಲ. ಪುರಸಭೆಯ ಕ್ರೀಡಾಕೇಂದ್ರದ ಒಂದು ಕೋಣೆ, ಶಾಲೆಯ ವ್ಯಾಯಾಮ ಮಂದಿರ, ಪೊಲೀಸ್ ಠಾಣೆಯ ಮಹಡಿ, ಹೀಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ವಾರಕ್ಕೆ ಎರಡು ಮೂರು ಸಂಜೆ ಸೇರುತ್ತಾರೆ, ಬೆವರು ಸುರಿಸುತ್ತಾರೆ, ನೆಲ ಒರೆಸಿ ಬೀಗ ಹಾಕಿ ಮನೆಗೆ ಹೋಗುತ್ತಾರೆ.

ಇದು ಹೀಗಿರುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1882ರಲ್ಲಿ ಕಾನೊ ಜಿಗೊರೊ ಟೋಕಿಯೊದ ಎಯ್‌ಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಜೂಡೊ ಕಲಿಸಲು ತೊಡಗಿದ. ಆತ ಕುಸ್ತಿಪಟುವಿಗಿಂತ ಹೆಚ್ಚಾಗಿ ಶಿಕ್ಷಣತಜ್ಞ. ಹಳೆಯ ಜುಜುತ್ಸುವಿನಲ್ಲಿ ಕೈಕಾಲು ಮುರಿಯುವಂಥ ಪಟ್ಟುಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಶಾಲಾಮಕ್ಕಳಿಗೂ ಕಲಿಸಬಹುದಾದ ಪಾಠವಾಗಿ ಮಾಡಿದ. 1895ರಲ್ಲಿ ಕ್ಯೋಟೊದಲ್ಲಿ ಸಮರಕಲೆಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅದು 1899ರಲ್ಲಿ ಕಟ್ಟಿದ ಮರದ ಭವನ ಬುತೊಕುದೆನ್ ಈಗಲೂ ನಿಂತಿದೆ. ಹೀಗೆ ಈ ಕಲೆಗಳು ಶಾಲೆ, ಪೊಲೀಸ್ ಇಲಾಖೆಗಳ ಮೂಲಕ ಊರೂರಿಗೂ ಹಬ್ಬಿದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನೇತೃತ್ವದ ಆಡಳಿತ ಶಾಲೆಗಳಲ್ಲಿ ಇವನ್ನು ನಿಷೇಧಿಸಿತ್ತು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ರೂಪುಗೊಂಡಿತು. 2012ರಿಂದ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯ ಪಾಠ. ಆದ್ದರಿಂದ ಸಣ್ಣ ಊರಿನಲ್ಲೂ ಬಲ್ಲವರು ಸಿಗುತ್ತಾರೆ. ಅವರಲ್ಲಿ ಬಹುಪಾಲು ಜನ ಶಾಲಾ ಮೇಷ್ಟ್ರು, ಪೊಲೀಸರು, ಅಂಗಡಿ ಇಟ್ಟವರು, ನಿವೃತ್ತರು. ಕಲಿಸುವುದು ಅವರ ಹೊಟ್ಟೆಪಾಡಲ್ಲ. ಹಾಗಾಗಿ ಶುಲ್ಕ ಕಡಿಮೆ, ಜಾಹೀರಾತು ಇಲ್ಲವೇ ಇಲ್ಲ. ಹೊಸಬರು ಗಿರಾಕಿಗಳಾಗಿ ಬರಬೇಕೆಂದು ಯಾರೂ ಕಾಯುವುದಿಲ್ಲ. ಬಂದವರು ಬಳಗಕ್ಕೆ ಸೇರುತ್ತಾರೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಈ ಒಂದು ಸಂಗತಿ ತಿಳಿದಿದ್ದರೆ ಮುಂದಿನ ಗೊಂದಲಗಳಲ್ಲಿ ಅರ್ಧ ಕಡಿಮೆಯಾಗುತ್ತವೆ.

ಹುಡುಕಾಟವನ್ನು ಊರಿನ ಆಡಳಿತ ಕಚೇರಿಯಿಂದಲೇ ಶುರುಮಾಡುವುದು ಲೇಸು. ಪ್ರತಿ ನಗರಸಭೆ, ಪ್ರತಿ ವಾರ್ಡು ತನ್ನದೇ ಸುದ್ದಿಪತ್ರ ಹೊರಡಿಸುತ್ತದೆ. ಸದಸ್ಯರನ್ನು ಸೇರಿಸಿಕೊಳ್ಳುವ ಕ್ರೀಡಾಸಂಘಗಳ ಸೂಚನೆ ಅದರಲ್ಲಿ ಬರುತ್ತದೆ. ಟೋಕಿಯೊದ 23 ವಿಶೇಷ ವಾರ್ಡುಗಳಲ್ಲೂ ಸಾರ್ವಜನಿಕ ಕ್ರೀಡಾಕೇಂದ್ರಗಳಿವೆ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಸೇರಿದಂತೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ವಾಸಿಸುವ ನಿಶಿಕಸಾಯ್ ಎಡೊಗಾವಾ ವಾರ್ಡಿಗೆ ಸೇರಿದ್ದು. ಅಲ್ಲಿಯೇ ಆ ವಾರ್ಡಿನ ಕ್ರೀಡಾಕೇಂದ್ರವೂ ಇದೆ. ಇಂಥ ಕೇಂದ್ರದ ಸೂಚನಾಫಲಕದ ಮುಂದೆ ಜಪಾನಿ ಬಲ್ಲ ಸಹೋದ್ಯೋಗಿಯೊಬ್ಬರ ಜೊತೆ ಹತ್ತು ನಿಮಿಷ ನಿಂತರೆ ಸಾಕು, ಯಾವ ಸಂಜೆ ಯಾವ ಕೋಣೆಯಲ್ಲಿ ಏನು ನಡೆಯುತ್ತದೆಂದು ಗೊತ್ತಾಗುತ್ತದೆ. ಮಕ್ಕಳಿರುವವರಿಗೆ ಇನ್ನೂ ಸಲೀಸಾದ ದಾರಿಯೊಂದಿದೆ. ಮಕ್ಕಳ ಜೂಡೊ, ಕೆಂಡೊ ಸಂಘಗಳು ಬಹಳ ಕಡೆ ಇವೆ. ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಗೋಡೆಗೊರಗಿ ಕೂರುವ ತಂದೆತಾಯಂದಿರನ್ನು ಕೆಲವೇ ತಿಂಗಳಲ್ಲಿ ಮೇಷ್ಟ್ರೇ ಅಂಗಳಕ್ಕಿಳಿಸಿದ ಉದಾಹರಣೆಗಳು ಕಡಿಮೆಯಲ್ಲ.

ಮೊದಲ ದಿನ ಯಾರೂ ಅಭ್ಯಾಸಕ್ಕಿಳಿಯುವುದಿಲ್ಲ. ಮುಂಚೆಯೇ ಫೋನಿನಲ್ಲೋ ಪತ್ರದಲ್ಲೋ ಕೇಳಿಕೊಂಡು, ಒಂದು ತರಗತಿಯನ್ನು ಸುಮ್ಮನೆ ನೋಡಲು ಹೋಗುವುದು ಪದ್ಧತಿ. ಇದಕ್ಕೆ ಅವರು ಕೆಂಗಾಕು ಎನ್ನುತ್ತಾರೆ. ಬಾಗಿಲಲ್ಲಿ ಬಿಟ್ಟ ಬೂಟುಗಳನ್ನು ತುದಿ ಹೊರಮುಖವಾಗಿರುವಂತೆ ತಿರುಗಿಸಿಡಬೇಕು. ಒಳಗೆ ಕಾಲಿಡುವಾಗ ಒಮ್ಮೆ ಬಾಗಿ ನಮಿಸಬೇಕು. ತೋರಿಸಿದ ಜಾಗದಲ್ಲಿ ಕೊನೆಯವರೆಗೂ ಕೂರಬೇಕು. ನಡುವೆ ಎದ್ದು ಹೋಗುವುದು, ಮೊಬೈಲ್ ನೋಡುವುದು ಎರಡೂ ಕೆಟ್ಟ ಹೆಸರು ತರುತ್ತವೆ. ಮುಗಿದ ಮೇಲೆ ಗುರುಗಳ ಬಳಿ ಹೋಗಿ ವಂದನೆ ಹೇಳಿದಾಗ ಅವರು ಕೇಳುವ ಪ್ರಶ್ನೆಗಳು ತೀರಾ ಮಾಮೂಲಿಯವು: ಮನೆ ಎಲ್ಲಿ, ಕೆಲಸವೇನು, ಜಪಾನಿನಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ. ಕೊನೆಯ ಪ್ರಶ್ನೆಯೇ ಅಸಲು ಪರೀಕ್ಷೆ. ಮೂರು ತಿಂಗಳಲ್ಲಿ ಮಾಯವಾಗುವ ವಿದೇಶಿಯರನ್ನು ಅವರು ಸಾಕಷ್ಟು ಕಂಡಿರುತ್ತಾರೆ. ಉತ್ತರ ಸಮಾಧಾನ ತಂದರೆ ಮುಂದಿನ ವಾರ ಬನ್ನಿ ಎಂಬ ಮಾತು ಬರುತ್ತದೆ, ಜೊತೆಗೆ ತುಂಬಬೇಕಾದ ಒಂದು ಅರ್ಜಿ.

ಖರ್ಚು ದೊಡ್ಡದಲ್ಲ. ನೆರೆಹೊರೆಯ ಸಂಘಗಳಲ್ಲಿ ತಿಂಗಳಿಗೆ ಕೆಲವು ಸಾವಿರ ಯೆನ್; ಹೆಸರಾಂತ ಖಾಸಗಿ ದೋಜೊಗಳಲ್ಲಿ ಹತ್ತು ಸಾವಿರದ ಆಸುಪಾಸು, ಮೊದಲಿಗೊಮ್ಮೆ ಪ್ರವೇಶಶುಲ್ಕ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಕ್ರೀಡಾ ಅಪಘಾತ ವಿಮೆಯನ್ನು ಸಂಘವೇ ಮಾಡಿಸುವುದು ರೂಢಿ, ಅದಕ್ಕೆ ಸುಮಾರು ಎರಡು ಸಾವಿರ ಯೆನ್. ಕೈ ಸುಡುವುದು ಕೆಂಡೊ ಒಂದರಲ್ಲೇ. ಬಿದಿರಿನ ಕತ್ತಿ ಅಗ್ಗ, ಆದರೆ ಮುಖಕವಚ, ಎದೆಕವಚ, ಕೈಗವುಸುಗಳ ಜೋಡಿಗೆ ಹತ್ತಾರು ಸಾವಿರ ಯೆನ್ ಬೇಕು. ಹೊಸಬರಿಗೆ ಹಳೆಯ ಕವಚಗಳನ್ನು ಎರವಲು ಕೊಡುವ ಸಂಘಗಳಿವೆ. ವರ್ಷಗಟ್ಟಲೆ ಬೆವರು ಕುಡಿದ ಆ ಕೈಗವುಸುಗಳ ವಾಸನೆಗೆ ಮೂಗು ಒಗ್ಗುವುದಕ್ಕೆ ಮಾತ್ರ ಸ್ವಲ್ಪ ಕಾಲ ಹಿಡಿಯುತ್ತದೆ.

ಭಾಷೆ ಬಾರದು ಎಂಬ ಅಂಜಿಕೆ ಎಷ್ಟೋ ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ. ನಿಜದಲ್ಲಿ ಚಾಪೆಯ ಮೇಲೆ ಭಾಷೆಯ ಅಗತ್ಯ ತೀರಾ ಕಡಿಮೆ. ಒಂದರಿಂದ ಹತ್ತರ ಎಣಿಕೆ, ಶುರು, ನಿಲ್ಲಿಸು, ಇನ್ನೊಮ್ಮೆ ಇಷ್ಟು ತಿಳಿದರೆ ಕೆಲಸ ನಡೆಯುತ್ತದೆ. ಭಾರತದಲ್ಲಿ ಕರಾಟೆ ಕಲಿತವರಿಗೆ ಇವೂ ಹಳೆಯ ಪರಿಚಯದ ಮಾತುಗಳೇ. ಜಪಾನಿ ಗುರುಗಳು ವಿವರಿಸುವುದೂ ಕಡಿಮೆ. ಮಾಡಿ ತೋರಿಸುತ್ತಾರೆ, ಶಿಷ್ಯನ ಮೊಣಕೈಯನ್ನು ಎರಡು ಬೆರಳಷ್ಟು ಕೆಳಕ್ಕೊತ್ತಿ ಮುಂದಕ್ಕೆ ಹೋಗುತ್ತಾರೆ. ಭಾಷೆಯ ಕಷ್ಟ ಬರುವುದು ಚಾಪೆಯಿಂದ ಇಳಿದ ಮೇಲೆ: ಜಾಗ ಬದಲಾದ ಸೂಚನೆ, ಪರೀಕ್ಷೆಯ ಅರ್ಜಿ, ವರ್ಷಾಂತ್ಯದ ಊಟಕ್ಕೆ ಹೆಸರು ಕೊಡುವುದು. ಅಲ್ಲಿ ಒಬ್ಬ ಹಿರಿಯ ಶಿಷ್ಯನ ಸ್ನೇಹ ಯಾವ ಅನುವಾದದ ಆ್ಯಪ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಿರಿತನದ ಲೆಕ್ಕ ಸೇರಿದ ದಿನದಿಂದ ನಡೆಯುತ್ತದೆ, ವಯಸ್ಸಿನಿಂದ ಅಲ್ಲ. ನಲವತ್ತರ ಮ್ಯಾನೇಜರ್‌ಗೆ ಇಪ್ಪತ್ತರ ವಿದ್ಯಾರ್ಥಿ ಹಿರಿಯನಾಗಬಹುದು. ನೆಲ ಒರೆಸುವ ಬಟ್ಟೆಗೆ ಮೊದಲು ಕೈ ಹಾಕಬೇಕಾದವನು ಮ್ಯಾನೇಜರೇ. ಮಟ್ಟಿಯನ್ನು ಹದ ಮಾಡಿದ ಮೇಲೆಯೇ ಪಟ್ಟು ಕಲಿಸುವ ಮೈಸೂರಿನ ಗರಡಿಮನೆಗಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಊರಲ್ಲಿ ಗಳಿಸಿದ ಕಪ್ಪು ಬೆಲ್ಟಿನ ವಿಷಯದಲ್ಲೂ ಎಚ್ಚರ ಬೇಕು. ಬಿಳಿ ಬೆಲ್ಟು ಕಟ್ಟಿಕೊಂಡು ಹೋಗಿ, ಗುರುಗಳು ಹೇಳಿದ ಮೇಲೆ ಕಪ್ಪಿಗೆ ಬರುವುದು ಮರ್ಯಾದೆಯ ದಾರಿ. ಕರಾಟೆಯಲ್ಲಂತೂ ಶೋತೊಕಾನ್, ಗೋಜು, ಶಿತೊ, ವಾದೊ ಎಂಬ ನಾಲ್ಕು ದೊಡ್ಡ ಪಂಥಗಳು, ಕ್ಯೊಕುಶಿನ್‌ನಂಥ ಪೂರ್ಣ ಹೊಡೆತದ ಶಾಖೆಗಳು, ಒಂದೊಂದರೊಳಗೂ ಹಲವು ಒಡಕುಗಳು. ಒಂದರ ದರ್ಜೆಗೆ ಇನ್ನೊಂದರಲ್ಲಿ ಬೆಲೆ ಸಿಗುತ್ತದೆಂಬ ಭರವಸೆಯಿಲ್ಲ.

ಹೆಸರಾಂತ ಕೇಂದ್ರಗಳ ಸೆಳೆತ ಸಹಜವೇ. ಕಾನೊ ಶುರುಮಾಡಿದ ಕೊಡೊಕಾನ್ ಇಂದು ಟೋಕಿಯೊದ ಬುಂಕ್ಯೊ ವಾರ್ಡಿನಲ್ಲಿ ಬಹುಮಹಡಿ ಕಟ್ಟಡ. ಏಳನೆಯ ಮಹಡಿಯ ಮುಖ್ಯ ಅಂಗಳವೊಂದೇ 420 ಚಾಪೆಯಷ್ಟು ವಿಶಾಲ. ಶಿಂಜುಕು ವಾರ್ಡಿನಲ್ಲಿ ಐಕಿಡೊದ ಮೂಲಸ್ಥಾನ ಐಕಿಕಾಯ್ ಇದೆ. ಸ್ಥಾಪಕ ಉಎಶಿಬಾ ಮೊರಿಹೆಯ್ ಅವರ ಮೊಮ್ಮಗ ಮೊರಿತೆರು 1999ರಿಂದ ಅದರ ಮುಖ್ಯಸ್ಥರು. ಮುಂಜಾನೆ ಆರೂವರೆಯ ತರಗತಿ ಅಲ್ಲಿನ ಹಳೆಯ ಸಂಪ್ರದಾಯ. ಕಚೇರಿಗೆ ಮುನ್ನ ಅಭ್ಯಾಸ ಮುಗಿಸುವವರಿಗೆ ಅದು ವರ. ಇಂಥ ಕಡೆ ವಿದೇಶಿಯರು ಹೊಸಬರಲ್ಲ, ಇಂಗ್ಲಿಷಿನಲ್ಲಿ ವ್ಯವಹರಿಸಬಹುದು, ಪರಿಚಯಪತ್ರ ಬೇಡ. ಆದರೆ ಅಲ್ಲಿ ಬಂದುಹೋಗುವವರೇ ಬಹಳ. ದಿನಕ್ಕೊಬ್ಬ ಜೊತೆಗಾರ, ಹಲವು ಗುರುಗಳು. ವರ್ಷ ಕಳೆದರೂ ಹೆಸರು ಹಿಡಿದು ಕರೆಯುವವರು ಇಲ್ಲದಿರಬಹುದು. ತಿಂಗಳ ಮಟ್ಟಿಗೆ ಹೋದವರಿಗೆ ದೊಡ್ಡ ಕೇಂದ್ರ, ಮನೆ ಮಾಡಿಕೊಂಡವರಿಗೆ ಪಕ್ಕದ ಬೀದಿಯ ದೋಜೊ ಎಂಬ ವಿಂಗಡಣೆ ಬಹುಮಟ್ಟಿಗೆ ಸರಿ. ಟೋಕಿಯೊದ ನಿಪ್ಪೊನ್ ಬುದೊಕಾನ್ ಹೆಸರು ಇನ್ನೂ ದೊಡ್ಡದು, ಆದರೆ 1964ರ ಒಲಿಂಪಿಕ್ಸ್ ಜೂಡೊಗಾಗಿ ಕಟ್ಟಿದ ಅದು ಮುಖ್ಯವಾಗಿ ಪಂದ್ಯಗಳ ಭವನ. ಜಗತ್ತಿನ ಅರ್ಧ ಜನ ಅದನ್ನು ಸಂಗೀತ ಕಚೇರಿಗಳಿಂದಲೇ ಬಲ್ಲರು. ಅಲ್ಲಿ ಆ ವರ್ಷ ಮುಕ್ತ ವಿಭಾಗದ ಚಿನ್ನ ಗೆದ್ದು ಜಪಾನೀಯರನ್ನು ದಂಗುಬಡಿಸಿದ ಡಚ್ ಆಟಗಾರ ಆಂಟನ್ ಗೀಸಿಂಕ್ ಜಪಾನಿನ ತೆನ್ರಿ ವಿಶ್ವವಿದ್ಯಾಲಯದಲ್ಲೇ ಪಳಗಿದ್ದವನು.

ಕರಾಟೆಯ ತವರು ಮಾತ್ರ ಟೋಕಿಯೊ ಅಲ್ಲ, ದಕ್ಷಿಣದ ಒಕಿನಾವಾ ದ್ವೀಪ. ಫುನಾಕೋಶಿ ಗಿಚಿನ್ ಅದನ್ನು 1922ರಲ್ಲಿ ರಾಜಧಾನಿಗೆ ಒಯ್ದು ಪ್ರದರ್ಶಿಸಿದ ಮೇಲೆಯೇ ಅದು ವಿಶ್ವವಿದ್ಯಾಲಯಗಳಿಗೆ, ಅಲ್ಲಿಂದ ಲೋಕಕ್ಕೆ ಹರಡಿತು. ಒಕಿನಾವಾದಲ್ಲಿ ಗುರುವಿನ ಮನೆಯ ಕೆಳಅಂತಸ್ತೇ ದೋಜೊ ಆಗಿರುವುದು ಸಾಮಾನ್ಯ. ಹತ್ತು ಹದಿನೈದು ಜನ ಸೇರಿದರೆ ಕೋಣೆ ತುಂಬಿತು. ಕಲ್ಲಿನ ತೂಕ ಸಿಕ್ಕಿಸಿದ ಮರದ ಹಿಡಿ, ಬೆರಳ ತುದಿಯಲ್ಲಿ ಕಂಠ ಹಿಡಿದು ಎತ್ತಿ ನಡೆಯುವ ಮಣ್ಣಿನ ಜಾಡಿ, ಗುದ್ದಲು ನೆಟ್ಟ ಹಲಗೆ ಇವೇ ಸಲಕರಣೆ. ಪಂದ್ಯದ ಅಂಕಗಳಿಗಿಂತ ಉಸಿರು, ನಿಲುವುಗಳ ಕಡೆಗೆ ಅಲ್ಲಿ ಗಮನ ಹೆಚ್ಚು. 2017ರಲ್ಲಿ ತೊಮಿಗುಸುಕುವಿನಲ್ಲಿ ತೆರೆದ ಒಕಿನಾವಾ ಕರಾಟೆ ಕಾಯ್‌ಕಾನ್ ಎಂಬ ಭವನದಲ್ಲಿ ಹೊರಗಿನಿಂದ ಬರುವವರಿಗೆ ತಕ್ಕ ದೋಜೊ ಗೊತ್ತುಮಾಡಿಕೊಡುವ ಮಾಹಿತಿ ಕೇಂದ್ರವಿದೆ. ಇಡೀ ಜಪಾನಿನಲ್ಲಿ ವಿದೇಶಿಯರಿಗೆ ಇಷ್ಟು ಸಲೀಸಾದ ವ್ಯವಸ್ಥೆ ಅಪರೂಪ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿರುವವು ಸಮುರಾಯ್ ಕಾಲದ ಹಳೆಯ ಪರಂಪರೆಗಳು. ಚಿಬಾ ಪ್ರಾಂತ್ಯದ ಕಾತೊರಿ ದೇಗುಲದೊಂದಿಗೆ ನಂಟಿರುವ ಕಾತೊರಿ ಶಿಂತೊ ರ್‍ಯುವಿನಲ್ಲಿ ಸೇರುವವರು ರಕ್ತದಿಂದ ಮುದ್ರೆಯೊತ್ತಿ ಪ್ರತಿಜ್ಞೆ ಮಾಡುವ ಸಂಪ್ರದಾಯವಿತ್ತು. ಅಂಥ ಕಡೆ ಪರಿಚಯಸ್ಥರ ಶಿಫಾರಸು ಬಹಳ ಮುಖ್ಯ. ಆದರೂ ಬಾಗಿಲು ತೀರಾ ಮುಚ್ಚಿರಲಿಲ್ಲ. ಅಮೆರಿಕದ ಡಾನ್ ಡ್ರೇಗರ್ ಜಪಾನಿನಲ್ಲಿ ದೀರ್ಘಕಾಲ ನೆಲೆಸಿ ಆ ಪರಂಪರೆಯನ್ನು ಕಲಿತು, ಜಪಾನಿ ಸಮರಕಲೆಗಳ ಬಗ್ಗೆ ಪುಸ್ತಕಗಳನ್ನೇ ಬರೆದ. ಕತ್ತಿಯ ಕಲೆಗಳಲ್ಲಿ ಕಾನೂನಿನ ಕಡೆಗೂ ಕಣ್ಣಿಡಬೇಕು: ಅಸಲಿ ಕತ್ತಿಗೆ ನೋಂದಣಿ ಪತ್ರ ಬೇಕೇ ಬೇಕು, ಆರಂಭದಲ್ಲಿ ಮರದ ಕತ್ತಿ ಅಥವಾ ಹರಿತವಿಲ್ಲದ ಮಿಶ್ರಲೋಹದ ಕತ್ತಿಯೇ ಸಾಕು. ಇನ್ನು ವೃತ್ತಿಪರ ಸುಮೊ. ಅಲ್ಲಿ ಒಂದು ಬಿಡಾರಕ್ಕೆ ಒಬ್ಬನೇ ವಿದೇಶಿ ಮಲ್ಲ ಎಂಬ ನಿಯಮವಿದೆ. ಹವ್ಯಾಸಿಗೆ ಅದು ನೋಡಿ ಆನಂದಿಸುವ ಸಂಗತಿ.

ಸುರಕ್ಷತೆಯ ಬಗ್ಗೆ ಕೇಳಲು ಸಂಕೋಚ ಬೇಡ. 1983ರ ನಂತರದ ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳಲ್ಲಿ ಜೂಡೊದಿಂದ ನೂರಕ್ಕೂ ಹೆಚ್ಚು ಮಕ್ಕಳು ಸತ್ತ ಸಂಗತಿ ಹೊರಬಿದ್ದಾಗ ದೇಶ ಬೆಚ್ಚಿಬಿದ್ದಿತ್ತು. ತಲೆಗೆ ಬಿದ್ದ ಪೆಟ್ಟುಗಳೇ ಮುಖ್ಯ ಕಾರಣ, ಆರಂಭಿಕರೇ ಹೆಚ್ಚಾಗಿ ಬಲಿಯಾದವರು. ಬೀಳುವ ಕಲೆಯನ್ನು ವಾರಗಟ್ಟಲೆ ಕಲಿಸದೆ ಎಸೆತಕ್ಕೆ ಇಳಿಸುವ ದೋಜೊ, ಎಷ್ಟೇ ಪದಕ ಗೆದ್ದಿರಲಿ, ಹೊಸಬರಿಗೆ ತಕ್ಕುದಲ್ಲ.

ಉದ್ಯೋಗದ ವೀಸಾ ಇರುವವರು ಬಿಡುವಿನಲ್ಲಿ ಅಭ್ಯಾಸ ಮಾಡಲು ಬೇರೆ ಅನುಮತಿ ಬೇಕಿಲ್ಲ. ಅವರ ಶತ್ರು ಗಡಿಯಾರ. ಏಳಕ್ಕೆ ಶುರುವಾಗುವ ತರಗತಿಗೆ ಏಳಕ್ಕೂ ಕಚೇರಿ ಬಿಡದವರು ಭಾನುವಾರದ ಸಂಘಗಳನ್ನು ಹುಡುಕಬೇಕಾಗುತ್ತದೆ. ಕಲಿಯುವುದಕ್ಕೆಂದೇ ಹೋಗುವವರಿಗೆ ಸಾಂಸ್ಕೃತಿಕ ಚಟುವಟಿಕೆಯ ವೀಸಾ ಎಂಬ ವರ್ಗವಿದೆ. ಅದಕ್ಕೆ ಕಲಿಸುವವರ ಒಪ್ಪಿಗೆಯೂ ಖರ್ಚಿಗೆ ಹಣವಿರುವ ಪುರಾವೆಯೂ ಬೇಕು, ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಹಿಂದೊಮ್ಮೆ ಪಯಣ ಎದುರು ದಿಕ್ಕಿನದಾಗಿತ್ತು: 1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ತಕಗಾಕಿ ಶಿಂಜೊ ಶಾಂತಿನಿಕೇತನಕ್ಕೇ ಬಂದು ಜೂಡೊ ಕಲಿಸಿದ್ದ.

ಎಷ್ಟು ಕಾಲಕ್ಕೆ ಎಲ್ಲಿಗೆ ಮುಟ್ಟಬಹುದೆಂಬ ಲೆಕ್ಕವನ್ನು ಕೆಂಡೊದ ನಿಯಮಗಳಿಂದ ಹಾಕಬಹುದು. ಮೊದಲ ದಾನ್ ದರ್ಜೆ ಪಡೆದ ಒಂದು ವರ್ಷದ ನಂತರ ಎರಡನೆಯದಕ್ಕೆ, ಅಲ್ಲಿಂದ ಎರಡು ವರ್ಷದ ನಂತರ ಮೂರನೆಯದಕ್ಕೆ ಕೂರಬಹುದು. ಹೀಗೆ ಅಂತರ ಬೆಳೆಯುತ್ತಾ ಹೋಗಿ ಎಂಟನೆಯ ದಾನ್‌ಗೆ ಏಳನೆಯದಾದ ಮೇಲೆ ಹತ್ತು ವರ್ಷ ಕಾಯಬೇಕು, ವಯಸ್ಸು 46 ಆಗಿರಬೇಕು, ತೇರ್ಗಡೆಯಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಮೂರು ವರ್ಷದ ಕರಾರಿನ ಮೇಲೆ ಹೋದ ಉದ್ಯೋಗಿ ಬಿಡದೆ ಅಭ್ಯಾಸ ಮಾಡಿದರೆ ಮೊದಲ ಅಥವಾ ಎರಡನೆಯ ದಾನ್‌ವರೆಗೆ ಬರಬಹುದು. ಊರಿಗೆ ಮರಳುವ ಮುನ್ನ ಆ ಪ್ರಮಾಣಪತ್ರ ಒಕ್ಕೂಟದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿಕೊಂಡು, ಸಾಧ್ಯವಾದರೆ ಗುರುಗಳಿಂದ ಒಂದು ಪರಿಚಯಪತ್ರ ಬರೆಸಿಕೊಳ್ಳುವುದು ಒಳ್ಳೆಯದು. ಮುಂದಿನ ಊರಿನ ದೋಜೊದಲ್ಲಿ ಅದೇ ಮೊದಲು ಕೇಳುವ ಕಾಗದ.