ತೆಂಗಿನ ನಾಡಿನ ಕಿರ್ದಿ ಯಾರ ಕೈಯಲ್ಲಿರಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿಯ ವ್ಯವಹಾರವು ತಾಳ್ಮೆಯ ವ್ಯವಹಾರ. ಮರದಿಂದ ಇಳಿದ ಕಾಯಿಯು ಅಟ್ಟವನ್ನೇರಿ ಹತ್ತು ಹನ್ನೆರಡು ತಿಂಗಳು ಅಲ್ಲಿಯೇ ಇದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆಯೇ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಬರತಕ್ಕದ್ದು. ಅಷ್ಟು ಕಾಲವೂ ಬೆಳೆಗಾರನ ಹಣ ಅಟ್ಟದ ಮೇಲಿರುತ್ತದೆ. ಅದರ ಗುರುತು ಇರುವುದು ಕಿರ್ದಿಯಲ್ಲಿ ಮಾತ್ರ. ಆ ಕಿರ್ದಿಯು ಈಗ ಗಣಕಯಂತ್ರದೊಳಗೆ ಸೇರಿದೆ. ಯಂತ್ರದ ಬೀಗದ ಕೈ ಯಾರ ಹತ್ತಿರ ಇದೆಯೆಂಬುದನ್ನು ವಿಚಾರಿಸುವ ಕಾಲವೂ ಒದಗಿಬಂದಿದೆ.

ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಮುಂದಿನದಾದ ವಿಂಡೋಸ್ ೧೧ಕ್ಕೆ ಹೊಸ ತರಹದ ಯಂತ್ರ ಬೇಕು. ಸುಮಾರು ೨೦೧೭ಕ್ಕೆ ಹಿಂದಿನ ಯಂತ್ರಗಳನ್ನು ಅದು ಅಂಗೀಕರಿಸುವುದಿಲ್ಲ. ಮಂಡಿಯ ಮೂಲೆಯಲ್ಲಿ ಧೂಳು ಕುಡಿಯುತ್ತ ನಡೆಯುತ್ತಿರುವ ಯಂತ್ರಗಳು ಬಹುಮಟ್ಟಿಗೆ ಆ ಕಾಲದವೇ. ಕೆಟ್ಟುಹೋಗದ ಯಂತ್ರವನ್ನು ಸಾಗರದಾಚೆಯ ಒಂದು ಕಂಪನಿಯ ನಿರ್ಣಯಕ್ಕಾಗಿ ಎಸೆಯಬೇಕೆ, ಇಲ್ಲವೆ ಅದರಲ್ಲಿಯೇ ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯನ್ನು ಹಾಕಿಕೊಂಡು ಇನ್ನಷ್ಟು ವರ್ಷ ದುಡಿಸಬಹುದೆ? ಹಾಕಿಕೊಳ್ಳಬಹುದೆಂಬುದು ನಿರ್ವಿವಾದ. ಆದರೆ ಕೊಬ್ಬರಿಯ ಕಂಪನಿಯು ಯಂತ್ರವನ್ನು ಇಟ್ಟುಕೊಂಡಿರುವುದು ಲೆಕ್ಕಕ್ಕಾಗಿ. ಲಿನಕ್ಸ್ ಬಂದರೆ ಲೆಕ್ಕದ ತಂತ್ರಾಂಶ ಯಾವುದು? ಎಲ್ಲರೂ ಎಡವುವುದು ಈ ಪ್ರಶ್ನೆಯ ಬಳಿಯೇ.

ಮೊದಲು ಕಂಪನಿ ಎಂಬ ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತಂದೆಯ ಕಾಲದ ಮಂಡಿಯನ್ನು ಮಗನು ನಡೆಸುವುದು ಒಂದು ಬಗೆ. ಹತ್ತು ಮಂದಿಗೆ ಕಡಿಮೆಯಿಲ್ಲದ ಬೆಳೆಗಾರರು ಕೂಡಿ ಷೇರು ಹಾಕಿ ಉತ್ಪಾದಕರ ಕಂಪನಿಯನ್ನು ನೋಂದಾಯಿಸುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ೨೦೦೩ರಿಂದ ಕಂಪನಿ ಕಾಯಿದೆಯಲ್ಲಿ ಸ್ಥಾನವಿದೆ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ ಯೋಜನೆಯು ೨೦೨೦ರಲ್ಲಿ ಆರಂಭವಾದ ಮೇಲೆ ಅಂತಹವು ಹೆಚ್ಚುತ್ತಿವೆ. ಇಂತಹ ಕಂಪನಿಗೆ ಸಾಮಾನ್ಯವಾಗಿ ಒಂದು ಕೊಠಡಿ, ಒಂದು ಯಂತ್ರ, ಒಬ್ಬ ಗುಮಾಸ್ತ. ಆದರೆ ಕಾಯಿದೆಯ ಕಣ್ಣಿಗೆ ಅದೂ ಪೂರ್ಣ ಕಂಪನಿಯೇ. ಷೇರುದಾರರಾದರೋ ಬಹುಮಂದಿ ಸಣ್ಣ ಹಿಡುವಳಿಯ ರೈತರು. ಲೆಕ್ಕ ಕೆಟ್ಟರೆ ಕೆಡುವುದು ಅವರ ಹಣ.

ಕಾಯಿದೆ ಏನು ಹೇಳುತ್ತದೆಂಬುದನ್ನು ತಿಳಿಯದೆ ತಂತ್ರಾಂಶವನ್ನು ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ೨೦೨೩ರ ಏಪ್ರಿಲ್ ೧ರಿಂದ, ಗಣಕದಲ್ಲಿ ಲೆಕ್ಕವಿಡುವ ಪ್ರತಿಯೊಂದು ಕಂಪನಿಯೂ ಪ್ರತಿ ಬದಲಾವಣೆಯ ಜಾಡನ್ನು ತಾನೇ ಬರೆದಿಡುವ ತಂತ್ರಾಂಶವನ್ನು ಮಾತ್ರ ಬಳಸತಕ್ಕದ್ದು. ಯಾವ ದಿನ ಯಾವ ನಮೂದನ್ನು ಬದಲಾಯಿಸಲಾಯಿತೆಂಬುದು ಉಳಿಯಬೇಕು. ಆ ಜಾಡನ್ನು ಯಾರೂ ನಿಲ್ಲಿಸಲಾಗದಂತಿರಬೇಕು. ಲೆಕ್ಕದ ನಕಲು ದಿನವಹಿ ಭಾರತದೊಳಗಿನ ಯಂತ್ರದಲ್ಲಿ ಉಳಿಯಬೇಕೆಂದು ೨೦೨೨ರ ತಿದ್ದುಪಡಿ ವಿಧಿಸುತ್ತದೆ. ಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕು. ಕಂಪನಿಯಲ್ಲದ ಮಂಡಿಯವರೂ ನಿಶ್ಚಿಂತರಲ್ಲ: ಸರಕು ಮತ್ತು ಸೇವಾ ತೆರಿಗೆಯ ನಿಯಮಾವಳಿಯ ೫೬ನೆಯ ನಿಯಮವು, ಗಣಕದಲ್ಲಿಟ್ಟ ಲೆಕ್ಕದಲ್ಲಿ ತಿದ್ದಿದ ಅಥವಾ ಅಳಿಸಿದ ನಮೂದುಗಳಿಗೆಲ್ಲಾ ದಾಖಲೆ ಇರಬೇಕೆಂದು ನೋಂದಾಯಿತ ವರ್ತಕರೆಲ್ಲರಿಗೂ ಹೇಳುತ್ತದೆ.

ಹಿಂದೆ ನಮ್ಮ ಶಾನುಭೋಗರು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಪುಸ್ತಕವದು. ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆ ಸೌಕರ್ಯವನ್ನು ಯಾರು ಯಾರು ಹೇಗೆ ಉಪಯೋಗಿಸಿಕೊಂಡರೆಂಬುದು ಹಳ್ಳಿಗಳಿಗೆ ಗೊತ್ತು. ವಂಶಪಾರಂಪರ್ಯದ ಆ ಹುದ್ದೆ ೧೯೬೧ರ ಕಾಯಿದೆಯಿಂದ ಹೋಯಿತು. ಒರೆಸುವ ಅಭ್ಯಾಸವು ಗಣಕಯಂತ್ರದಲ್ಲಿ ಮರುಜನ್ಮ ಪಡೆದಿತ್ತು. ವರ್ಷದ ಕೊನೆಯಲ್ಲಿ ಹಿಂದಿನ ತಾರೀಖಿನ ನಮೂದುಗಳನ್ನು ಸದ್ದಿಲ್ಲದೆ ಸರಿಪಡಿಸಿ ಲೆಕ್ಕಪರಿಶೋಧಕರ ಮುಂದಿಡುವುದು ಎಷ್ಟು ಕಡೆ ನಡೆಯುತ್ತಿತ್ತೆಂದು ಎಣಿಸುವುದು ಬೇಡ. ಈಗಿನ ನಿಯಮವನ್ನು ಕಿರುಕುಳವೆಂದು ಗೊಣಗುವವರೊಡನೆ ನಾವು ಕೂಡಲಾರೆವು. ಸಾವಿರ ರೈತರ ಹಣವನ್ನು ಹಿಡಿದ ಕಂಪನಿಗೆ ಅದು ಬೇಕಾಗಿಯೇ ಇದೆ.

ಇನ್ನು ದೊರೆಯುವ ತಂತ್ರಾಂಶಗಳನ್ನು ನೋಡೋಣ. ನಮ್ಮ ಪಟ್ಟಣಗಳಲ್ಲಿ ಲೆಕ್ಕದ ತಂತ್ರಾಂಶವೆಂದರೆ ಟ್ಯಾಲಿಯೇ. ತಾಳೆ ನೋಡುವುದೆಂಬ ನಮ್ಮ ಮಾತಿನ ನೆಂಟಸ್ತನ ಈ ಹೆಸರಿಗೆ ಇಲ್ಲದಿದ್ದರೂ ಗುಮಾಸ್ತರ ಬಾಯಿಗೆ ಅದು ಚೆನ್ನಾಗಿ ಒಗ್ಗಿದೆ. ಅದು ಪರದೇಶದ್ದಲ್ಲ, ೧೯೮೬ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ ಗೋಯೆಂಕಾ ಇವರಿಂದ ಹುಟ್ಟಿದ್ದು. ಭರತ ಗೋಯೆಂಕಾ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಸಂದಿತು. ದಾಸ್ತಾನಿನ ಲೆಕ್ಕದಲ್ಲಿ ಅದು ಬಲವಾದದ್ದು. ಜಾಡು ಬರೆಯುವ ಆವೃತ್ತಿಯನ್ನೂ ಹೊರತಂದಿದೆ. ಆದರೆ ಈ ಸ್ವದೇಶೀ ತಂತ್ರಾಂಶವು ವಾಸಿಸುವುದು ಮೈಕ್ರೋಸಾಫ್ಟಿನ ಮನೆಯಲ್ಲಿ. ಲಿನಕ್ಸಿಗಾಗಿಯೇ ರಚಿಸಿದ ಟ್ಯಾಲಿ ಇಲ್ಲ. ವೈನ್ ಎಂಬ ಮಧ್ಯಸ್ಥನನ್ನು ಇಟ್ಟುಕೊಂಡು ಲಿನಕ್ಸಿನಲ್ಲಿ ಅದನ್ನು ನಡೆಸುವ ಸಾಹಸಿಗಳುಂಟು. ರಿಟರ್ನ್ ಸಲ್ಲಿಸುವ ಕೊನೆಯ ದಿನ ಅದು ಮುನಿದರೆ ಕೇಳುವವರಾರು? ಕಂಪನಿಯ ಲೆಕ್ಕವನ್ನು ಇಂತಹ ಸಾಹಸಕ್ಕೆ ಒಪ್ಪಿಸತಕ್ಕದ್ದಲ್ಲ.

ಎರಡನೆಯದು ಗ್ನೂಕ್ಯಾಷ್. ೧೯೯೮ರಿಂದ ಬಳಕೆಯಲ್ಲಿರುವ, ಬೆಲೆಯಿಲ್ಲದ, ಲಿನಕ್ಸಿನಲ್ಲಿಯೇ ಬೆಳೆದ ತಂತ್ರಾಂಶ. ಜಮಾ-ಖರ್ಚಿನ ಶಾಸ್ತ್ರ ಅದರಲ್ಲಿ ನಿರ್ದುಷ್ಟ. ಆದರೆ ದಾಸ್ತಾನು ಎಂಬ ವಿಷಯವೇ ಅದಕ್ಕೆ ತಿಳಿಯದು. ತನ್ನ ಬದಲಾವಣೆಗಳ ದಾಖಲೆಯನ್ನು ಬರೆಯುವುದುಂಟಾದರೂ ಅದನ್ನು ಅಳಿಸದಂತೆ ಕಾಯುವ ಬೀಗವಿಲ್ಲ. ನಮ್ಮ ತೆರಿಗೆಯ ನಮೂನೆಗಳೂ ಇಲ್ಲ. ಮನೆಯ, ತೋಟದ, ಸಂಘದ ಲೆಕ್ಕಕ್ಕೆ ಸೊಗಸು. ಕೊಬ್ಬರಿ ಕಂಪನಿಗೆ ಸಾಲದು. ಗ್ನೂಖಾತಾ ಎಂಬ ಭಾರತೀಯ ಸ್ವತಂತ್ರ ತಂತ್ರಾಂಶದ ಹೆಸರು ಕೇಳಲು ಆಪ್ಯಾಯಮಾನವೇ. ಆದರೆ ತೆರಿಗೆಯ ನಿಯಮ ಬದಲಾದಾಗಲೆಲ್ಲಾ ಅದಕ್ಕೆ ತಿದ್ದುಪಡಿ ಬರುತ್ತಿದೆಯೆಂದು ಕಣ್ಣಾರೆ ನೋಡಿಕೊಂಡ ಹೊರತು ಅದನ್ನು ನಂಬಿ ವರ್ಷವನ್ನು ಆರಂಭಿಸುವುದು ಸಲ್ಲದು.

ಮೂರನೆಯ ದಾರಿ, ಜಾಲದ ಮೂಲಕ ಬಾಡಿಗೆಗೆ ದೊರೆಯುವ ಲೆಕ್ಕ. ಶ್ರೀಧರ ವೆಂಬು ಅವರ ತಮಿಳುನಾಡಿನ ಸಂಸ್ಥೆಯಾದ ಜೋಹೋ ನಡೆಸುವ ಜೋಹೋ ಬುಕ್ಸ್ ಇದಕ್ಕೆ ಉದಾಹರಣೆ. ಬ್ರೌಸರ್ ಒಂದಿದ್ದರೆ ಸಾಕು, ಯಂತ್ರದಲ್ಲಿ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಅದು ಕೇಳುವುದಿಲ್ಲ. ಸ್ವದೇಶೀ, ಜಾಡು ಬರೆಯುತ್ತದೆ, ತೆರಿಗೆಯ ನಮೂನೆಗಳನ್ನು ತಯಾರಿಸುತ್ತದೆ. ಕುಂದೆಂದರೆ ಎರಡು. ಜಾಲದ ತಂತಿ ಕಡಿದ ದಿನ ಕಿರ್ದಿಯೂ ಮುಚ್ಚುತ್ತದೆ. ಬಾಡಿಗೆ ನಿಂತ ದಿನ ಬಾಗಿಲೂ ನಿಲ್ಲುತ್ತದೆ.

ನಾಲ್ಕನೆಯದು ಇಆರ್‌ಪಿನೆಕ್ಸ್ಟ್. ಮುಂಬಯಿಯಲ್ಲಿ ೨೦೦೮ರಲ್ಲಿ ರುಷಭ ಮೆಹತಾ ಆರಂಭಿಸಿದ ಫ್ರಾಪೆ ಸಂಸ್ಥೆಯದು. ಇದರ ಮೂಲಲಿಪಿಯೇ ಬಹಿರಂಗ. ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಯಂತ್ರದಲ್ಲಿ ನಡೆಸಬಹುದು, ತಿದ್ದಬಹುದು. ಅದು ವಾಸಿಸುವುದೂ ಲಿನಕ್ಸಿನ ಮೇಲೆಯೇ. ಬೆಂಗಳೂರಿನ ಜೆರೋಧಾದಂತಹ ದೊಡ್ಡ ಸಂಸ್ಥೆ ಇದನ್ನು ಬಳಸುತ್ತಿದೆ. ಭಾರತದ ತೆರಿಗೆಗಾಗಿಯೇ ಇಂಡಿಯಾ ಕಂಪ್ಲಯನ್ಸ್ ಎಂಬ ಬಹಿರಂಗ ಜೋಡಣೆಯೊಂದುಂಟು. ರಿಟರ್ನ್, ಇ-ವೇ ಬಿಲ್ಲುಗಳ ವಿವರವನ್ನು ಸರ್ಕಾರದ ಜಾಲತಾಣಕ್ಕೆ ಏರಿಸತಕ್ಕ ಕಡತವಾಗಿ ಅದು ತೆಗೆದುಕೊಡುತ್ತದೆ. ಒಮ್ಮೆ ಚಾಲನೆಗೊಳಿಸಿದರೆ ನಿಲ್ಲಿಸಲಾಗದ ಜಾಡಿನ ಏರ್ಪಾಡೂ ಅದರಲ್ಲಿದೆ. ಆದರೆ ಇದನ್ನು ಸ್ಥಾಪಿಸುವುದು ಗುಮಾಸ್ತನ ಕೆಲಸವಲ್ಲ. ಬಲ್ಲವನೊಬ್ಬ ಬೇಕು; ಅವನಿಗೆ ಸಂಬಳ ಬೇಕು. ಸ್ವತಂತ್ರವೆಂದರೆ ಉಚಿತವೆಂದು ತಿಳಿದು ತೊಡಗಿದವರು ಆರು ತಿಂಗಳಲ್ಲಿ ಮರಳಿ ಹಳೆಯ ದಾರಿ ಹಿಡಿಯುತ್ತಾರೆ.

ಈ ನಾಲ್ಕನ್ನೂ ತೂಗಲು ತೆಂಗೇ ಒಳ್ಳೆಯ ತಕ್ಕಡಿ. ಕಾಯಿ ಒಳಗೆ ಬರುವುದು ಎಣಿಕೆಯಲ್ಲಿ. ಕೊಬ್ಬರಿ ಹೊರಗೆ ಹೋಗುವುದು ಕ್ವಿಂಟಾಲಿನಲ್ಲಿ. ಚಿಪ್ಪು ಇದ್ದಿಲಿಗೆ, ಮಟ್ಟೆ ನಾರಿಗೆ, ಒಂದೊಂದಕ್ಕೂ ಬೇರೆ ಅಳತೆ, ಬೇರೆ ಗಿರಾಕಿ. ಅಟ್ಟದಲ್ಲಿ ಕೆಟ್ಟ ಕಾಯಿ ಎಷ್ಟು, ಒಣಗಿ ಇಳಿದ ತೂಕ ಎಷ್ಟು ಎಂಬುದೂ ಬರಬೇಕು. ಒಂದು ಸರಕು ಒಳಗೆ ಹೋಗಿ ಮೂರು ಸರಕಾಗಿ ಹೊರಬರುವ ಈ ವಿಚಿತ್ರವನ್ನು ಟ್ಯಾಲಿಯ ದಾಸ್ತಾನು ಜರ್ನಲ್ಲು ಬಲ್ಲದು, ಇಆರ್‌ಪಿನೆಕ್ಸ್ಟಿನ ದಾಸ್ತಾನು ನಮೂದೂ ಬಲ್ಲದು. ಬರಿಯ ಬಿಲ್ಲು ಬರೆಯುವ ಅಗ್ಗದ ತಂತ್ರಾಂಶಗಳು ಇಲ್ಲಿ ಕಂಗೆಡುತ್ತವೆ. ತೆರಿಗೆಯೂ ಹಾಗೆಯೇ: ಹಸಿ ತೆಂಗಿನಕಾಯಿಗೆ ತೆರಿಗೆಯಿಲ್ಲ, ಕೊಬ್ಬರಿಗೆ ಶೇಕಡ ೫. ನೋಂದಣಿಯಿಲ್ಲದ ರೈತನಿಂದ ಕೊಂಡಾಗ ತೆರಿಗೆ ಬೀಳದು. ದೆಹಲಿಗೋ ರಾಜಸ್ಥಾನಕ್ಕೋ ಕಳುಹಿಸಿದಾಗ ಅಂತರರಾಜ್ಯ ತೆರಿಗೆ ಬೀಳುತ್ತದೆ. ಲಾರಿ ಹೊರಡುವ ಮೊದಲು ಇ-ವೇ ಬಿಲ್ಲು ಬೇಕು. ಬೆಂಬಲ ಬೆಲೆಯು ಉಂಡೆ ಕೊಬ್ಬರಿಗೆ ೨೦೨೪ರಲ್ಲಿ ಕ್ವಿಂಟಾಲಿಗೆ ೧೨,೦೦೦ ರೂಪಾಯಿ, ೨೦೨೫ರಲ್ಲಿ ೧೨,೧೦೦ ರೂಪಾಯಿ ಇತ್ತು. ೨೦೨೫ರಲ್ಲಿಯೇ ಮಾರುಕಟ್ಟೆಯ ಧಾರಣೆ ಅದರ ಇಮ್ಮಡಿಯನ್ನು ದಾಟಿತು. ಇಂತಹ ಏರಿಳಿತದಲ್ಲಿ ಅಟ್ಟದ ಮೇಲಿನ ಸರಕನ್ನು ಯಾವ ಬೆಲೆಗೆ ಹಿಡಿದಿದ್ದೇವೆಂದು ತೋರಿಸಲಾರದ ಲೆಕ್ಕವು ಷೇರುದಾರನಿಗೆ ಲಾಭವನ್ನೂ ತೋರಿಸಲಾರದು, ನಷ್ಟವನ್ನೂ ತೋರಿಸಲಾರದು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕಾದ್ದಿಲ್ಲ. ಉತ್ಪಾದಕರ ಕಂಪನಿಗೆ ಇಆರ್‌ಪಿನೆಕ್ಸ್ಟ್ ಲೇಸು. ಆದರೆ ಒಂದೊಂದು ಕಂಪನಿ ಒಬ್ಬೊಬ್ಬ ತಂತ್ರಜ್ಞನನ್ನು ಸಾಕಲಾರದು. ಮೂರು ತಾಲ್ಲೂಕುಗಳ ನಾಲ್ಕೈದು ಕಂಪನಿಗಳು ಕೂಡಿ ಒಬ್ಬನನ್ನು ಇಟ್ಟುಕೊಳ್ಳುವುದು ಸಾಧ್ಯ. ಕೂಡಿ ಬಾಳುವುದಕ್ಕೆಂದೇ ಕಂಪನಿ ಕಟ್ಟಿದವರಿಗೆ ಇದು ಅಸಾಧ್ಯವೆನ್ನಿಸಬಾರದು. ಅದು ಕೂಡಿಬರದಿದ್ದರೆ ಜೋಹೋದಂತಹ ಬಾಡಿಗೆಯ ಏರ್ಪಾಡನ್ನು ಹಿಡಿಯಬಹುದು. ಹಿಡಿಯುವ ಮೊದಲು ಲೆಕ್ಕವನ್ನೆಲ್ಲಾ ಸಾಮಾನ್ಯ ಕೋಷ್ಟಕವಾಗಿ ಹೊರತೆಗೆದು ಇನ್ನೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹೊರಗೆ ಬರಲಾಗದ ಲೆಕ್ಕ ನಿಮ್ಮದಲ್ಲ, ಮಾರಿದವನದು. ಈಗಾಗಲೇ ಟ್ಯಾಲಿಯಲ್ಲಿ ನೆಲೆನಿಂತ ಮಂಡಿಯವರು ಲಿನಕ್ಸಿನ ಮೋಹಕ್ಕಾಗಿ ಅದನ್ನು ಕೀಳಬೇಕೆಂದು ನಾವು ಹೇಳುವುದಿಲ್ಲ. ಅವರು ವಿಂಡೋಸಿನ ಒಂದು ಯಂತ್ರವನ್ನು ಲೆಕ್ಕಕ್ಕೆಂದು ಇಟ್ಟುಕೊಂಡು ಉಳಿದವನ್ನು ಬದಲಾಯಿಸಿಕೊಂಡರೂ ಸಾಕಷ್ಟು ಹಣ ಉಳಿಯುತ್ತದೆ.

ಅಡ್ಡಿಗಳು ಬೇರೆ ಕಡೆಯಿಂದಲೂ ಬರುತ್ತವೆ. ಸಹಿಗಾಗಿ ಕೊಡುವ ವಿದ್ಯುನ್ಮಾನ ಕೀಲಿಗಳೆಲ್ಲಾ ಲಿನಕ್ಸಿನಲ್ಲಿ ಸಲೀಸಾಗಿ ನಡೆಯುವುದಿಲ್ಲ. ಕೊಳ್ಳುವ ಮೊದಲೇ ಸಿಕ್ಕಿಸಿ ನೋಡಬೇಕು. ಪ್ರಜೆಗಳ ತೆರಿಗೆಯಿಂದ ನಡೆಯುವ ಸರ್ಕಾರದ ಸೌಕರ್ಯಗಳು ಒಂದು ಪರದೇಶದ ಕಂಪನಿಯ ಮಾಲನ್ನು ಕೊಂಡವರಿಗೆ ಮಾತ್ರ ಸುಗಮವಾಗಿರುವುದು ನ್ಯಾಯವಲ್ಲವೆಂದು ಅಧಿಕಾರಿಗಳು ಮನಗಾಣಬೇಕು. ಕೇರಳವು ತನ್ನ ಸರ್ಕಾರೀ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಕಲಿಸುತ್ತ ಬಂದಿದೆ. ನಮ್ಮ ಪಟ್ಟಣಗಳ ತರಬೇತಿಯ ಅಂಗಡಿಗಳ ಫಲಕಗಳಲ್ಲಾದರೋ ಕಾಣುವುದು ಒಂದೆರಡೇ ಹೆಸರುಗಳು. ಲೆಕ್ಕಪರಿಶೋಧಕರೂ ತಮಗೆ ಪರಿಚಿತವಾದದ್ದನ್ನೇ ಕೇಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ತಂತ್ರಾಂಶವನ್ನು ಆರಿಸುವ ಸಭೆಗೆ ಅವರನ್ನು ಮೊದಲೇ ಕರೆದು, ಅವರಿಗೆ ಬೇಕಾದ ಖಾತಾಪಟ್ಟಿ, ತಾಳೆಪಟ್ಟಿ ಯಾವ ರೂಪದಲ್ಲಿ ಬೇಕೆಂದು ಕೇಳಿಕೊಳ್ಳುವುದು ಜಾಣತನ.

ಬದಲಾವಣೆಗೆ ತಕ್ಕ ದಿನ ಏಪ್ರಿಲ್ ೧. ಅದಕ್ಕೆ ಮೊದಲು ಜನವರಿಯಿಂದ ಮಾರ್ಚಿಯವರೆಗೆ ಹಳೆಯದರಲ್ಲಿಯೂ ಹೊಸದರಲ್ಲಿಯೂ ಲೆಕ್ಕ ಬರೆದು ಪ್ರತಿ ಶನಿವಾರ ಎರಡರ ಶಿಲ್ಕನ್ನೂ ತಾಳೆ ನೋಡಬೇಕು. ಗುಮಾಸ್ತನಿಗೆ ಈ ಮೂರು ತಿಂಗಳು ದುಪ್ಪಟ್ಟು ಕೆಲಸವಾದುದರಿಂದ ಅವನ ಸಂಬಳದಲ್ಲಿಯೂ ಅದು ಕಾಣಬೇಕು. ಹಳೆಯ ವರ್ಷಗಳ ಲೆಕ್ಕವನ್ನು ಹೊಸದಕ್ಕೆ ಎಳೆದು ತರುವ ಗೋಜಿಗೆ ಹೋಗದೆ, ಹಳೆಯ ಯಂತ್ರವನ್ನು ಜಾಲದಿಂದ ಬಿಡಿಸಿ, ಕಾಯಿದೆ ಹೇಳಿದ ಅವಧಿ ಮುಗಿಯುವ ತನಕ ಹಾಗೆಯೇ ಇಟ್ಟು, ಅದರ ನಕಲುಗಳನ್ನು ಬೇರೆಡೆ ಕಾಪಾಡಬೇಕು.

ಕಾಯಿ ತಂದ ರೈತನ ಕೈಗೆ ಕೊಡುವ ಚೀಟಿಯನ್ನು ಕುರಿತು ಒಂದು ಮಾತು ಉಳಿದಿದೆ. ಎಣಿಕೆ, ತೂಕ, ದರ, ಕಳೆದ ಹಮಾಲಿ, ಕೊಟ್ಟ ಮುಂಗಡ ಇವೆಲ್ಲಾ ಕನ್ನಡದಲ್ಲಿಯೇ ಇರಬೇಕು. ಲಿನಕ್ಸಿನಲ್ಲಿ ಕಗಪ ಕೀಲಿಮಣೆಯ ವಿನ್ಯಾಸ ಒಳಗೇ ಬರುತ್ತದೆ. ಚೀಟಿಯ ನಮೂನೆಯನ್ನು ಕನ್ನಡದಲ್ಲಿ ಮಾಡಿಕೊಳ್ಳುವುದು ಬಲ್ಲವನಿಗೆ ಒಂದು ದಿನದ ಕೆಲಸ. ತಂತ್ರಾಂಶವನ್ನು ಮಾರಲು ಬಂದವನಿಗೆ ಮೊದಲು ಆ ಚೀಟಿಯೊಂದನ್ನು ಮುದ್ರಿಸಿ ತೋರಿಸಪ್ಪಾ ಎಂದು ಕೇಳಿ, ಅಟ್ಟದಿಂದ ಕಾಯಿ ಇಳಿಸುತ್ತಿರುವವನೊಬ್ಬನನ್ನು ಕರೆದು ಓದಿಸಬಹುದು.