ರೈಲಿನ ಟೋಕನ್ನೂ ಇ-ಮೇಲಿನ ಪೆಟ್ಟಿಗೆಯೂ

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವಾಗ ನಡುವೆ ದೇಸೂರ ನಿಲ್ದಾಣ ಸಿಗುತ್ತದೆ. ಹೋಗಲೂ ಬರಲೂ ಒಂದೇ ಮಾರ್ಗವಿದ್ದ ರೈಲುದಾರಿಗಳಲ್ಲಿ ಬಹುಕಾಲ ಟೋಕನ್ ಪದ್ಧತಿ ರೂಢಿಯಲ್ಲಿದ್ದಿತು. ಟೋಕನ್ ಕೈಗೆ ಬಾರದೆ ಚಾಲಕನು ಮುಂದಿನ ನಿಲ್ದಾಣದತ್ತ ಹೊರಡುವಂತಿರಲಿಲ್ಲ. ಒಂದು ಟೋಕನ್ ಹೊರಗಿರುವವರೆಗೆ ಯಂತ್ರವು ಇನ್ನೊಂದನ್ನು ಕೊಡುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಇ-ಮೇಲಿನ ಒಂದು ತೊಡಕು ನಮಗೆ ಸುಲಭವಾಗಿ ತಿಳಿಯುವುದು.

ದೇಸೂರಿನ ವಿದ್ಯಾರ್ಥಿಯೊಬ್ಬನಿಗೆ ಕಾಲೇಜಿನ ಪ್ರವೇಶಪತ್ರವು ಇ-ಮೇಲಿನಲ್ಲಿ ಬರಬೇಕಾಗಿದೆ ಎಂದು ಭಾವಿಸೋಣ. ಅದು ಮೊದಲು ಮೇಲ್ ಸರ್ವರ್ ಎಂಬ ಕಂಪ್ಯೂಟರನ್ನು ತಲುಪಿ, ಅಲ್ಲಿ ಕಡತದ ರೂಪದಲ್ಲಿ ಉಳಿಯುವುದು. ಪತ್ರಗಳು ಹೆಚ್ಚಾದಾಗ ಹಲವು ಸರ್ವರುಗಳನ್ನು ನಿಲ್ಲಿಸಿ, ಕಡತಗಳನ್ನೆಲ್ಲ ಒಂದೇ ಉಗ್ರಾಣದಲ್ಲಿಟ್ಟು ಜಾಲದ ಮೂಲಕ ಬಳಸುವುದುಂಟು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್.ಎಫ್.ಎಸ್. ಇಂತಹ ಒಂದು ಏರ್ಪಾಡು.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಬೀಗದ್ದು. ಹಳೆಯ ಪದ್ಧತಿಯಲ್ಲಿ ಒಬ್ಬನ ಪತ್ರಗಳೆಲ್ಲ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಸೇರುವುವು. ಒಂದು ಸರ್ವರ್ ಹೊಸ ಪತ್ರವನ್ನು ಸೇರಿಸುತ್ತಿರುವಾಗಲೇ ಇನ್ನೊಂದು ಹಳೆಯ ಪತ್ರವನ್ನು ಅಳಿಸಿ ಕಡತವನ್ನು ತಿದ್ದಿಬರೆದರೆ, ಹೊಸ ಪತ್ರವೇ ಅಳಿದುಹೋಗಬಹುದು. ಆದುದರಿಂದ ಟೋಕನ್ನಿನಂತೆ ಕಡತಕ್ಕೊಂದು ಬೀಗ ಅವಶ್ಯ. ಆದರೆ ಎನ್.ಎಫ್.ಎಸ್.ನ ಮೊದಲ ಆವೃತ್ತಿಗಳಲ್ಲಿ, ಯಾರು ಯಾವ ಕಡತವನ್ನು ತೆರೆದಿರುವರೆಂಬ ಲೆಕ್ಕವನ್ನು ಉಗ್ರಾಣವು ಇಡುತ್ತಿರಲಿಲ್ಲ. ಬೀಗದ ಕೆಲಸ ಬೇರೊಂದು ಪ್ರೋಗ್ರಾಮಿನದಾಗಿದ್ದಿತು. ಅದು ಕೆಟ್ಟಿತೆಂದರೆ ಕಾವಲೂ ಕೆಟ್ಟಿತು.

ಎರಡನೆಯದು ನೆನಪಿನದು. ಪ್ರತಿ ಸಲವೂ ಉಗ್ರಾಣವನ್ನು ವಿಚಾರಿಸಿದರೆ ಕೆಲಸ ನಿಧಾನವಾಗುವುದರಿಂದ, ಸರ್ವರ್ ತಾನು ಕಂಡುದನ್ನು ಕೆಲಕಾಲ ನೆನಪಿಟ್ಟುಕೊಳ್ಳುವುದು. ಕಡತದ ಗಾತ್ರವೇ ಮೊದಲಾದ ವಿವರಗಳಿಗೆ ಲಿನಕ್ಸಿನಲ್ಲಿ ಈ ಅವಧಿ ಸಾಮಾನ್ಯವಾಗಿ 3ರಿಂದ 60 ಸೆಕೆಂಡು. ಅಷ್ಟರಲ್ಲಿ ಬೇರೊಂದು ಸರ್ವರ್ ಇರಿಸಿದ ಪತ್ರ ಇದಕ್ಕೆ ಕಾಣದೆ ಹೋಗಬಹುದು.

ಪರಿಹಾರವೇನು? ಡೇನಿಯಲ್ ಬರ್ನ್‌ಸ್ಟೈನ್ ಎಂಬವರು 1990ರ ದಶಕದಲ್ಲಿ 'ಮೇಲ್‌ಡಿರ್' ಪದ್ಧತಿಯನ್ನು ತಂದರು. ಇದರಲ್ಲಿ ಪ್ರತಿ ಪತ್ರಕ್ಕೂ ಪ್ರತ್ಯೇಕ ಕಡತ. ಕಾಲ, ಯಂತ್ರದ ಹೆಸರು ಮೊದಲಾದುವನ್ನು ಸೇರಿಸಿ ಕಡತಕ್ಕೆ ಹೆಸರಿಡುವುದರಿಂದ ಎರಡಕ್ಕೆ ಒಂದೇ ಹೆಸರು ಬಾರದು. ಪತ್ರವನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಪೂರ್ತಿಯಾಗಿ ಬರೆದ ಬಳಿಕವೇ ಹೊಸ ಪತ್ರಗಳ ಫೋಲ್ಡರಿಗೆ ಸಾಗಿಸುವರು. ಹೀಗಾಗಿ ಪತ್ರವನ್ನಿಡಲು ಬೀಗವೇ ಬೇಡವಾಯಿತು. ಮುಂದೆ 2000ದಲ್ಲಿ ಪ್ರಕಟವಾದ ಎನ್.ಎಫ್.ಎಸ್. ನಾಲ್ಕನೆಯ ಆವೃತ್ತಿಯು ಬೀಗವನ್ನೂ ತನ್ನೊಳಗೇ ಅಳವಡಿಸಿಕೊಂಡಿತು.

ನೆನಪಿನ ತೊಡಕು ಮಾತ್ರ ಇಷ್ಟರಿಂದ ತೀರದು. ಆದುದರಿಂದ ಒಬ್ಬನ ಪತ್ರವ್ಯವಹಾರವನ್ನೆಲ್ಲ ಸದಾ ಒಂದೇ ಸರ್ವರ್ ನೋಡಿಕೊಳ್ಳುವಂತೆ ಏರ್ಪಡಿಸುವರು. ಒಂದು ಮಾರ್ಗಕ್ಕೆ ಒಂದೇ ಗಾಡಿ ಎಂಬ ಹಳೆಯ ನಿಯಮವೇ ಇಲ್ಲಿಯೂ ನಮ್ಮ ವಿದ್ಯಾರ್ಥಿಯ ಪತ್ರವನ್ನು ಕಾಯುತ್ತದೆ.